ಕೋಟೆಗೆ ಹೋಗುವ ದಾರಿಯ ಕಾಫಿ

ನೌಮ್‌ಗೆ ಬೇಡ ಅನ್ನಲು ಬರುತ್ತಿರಲಿಲ್ಲ.

ಸರೋವರದ ದಡದ ಊರು ಒಹ್ರಿದ್‌ನ ಹಳೇಪೇಟೆಯಲ್ಲಿ ಹುಟ್ಟಿದವನಿಗೆ ಅದು ಕೊರತೆಯೇ ಅಲ್ಲ. ಅಲ್ಲಿ ಯಾರದಾದರೂ ಮನೆಯ ಕಾಫಿ ಬೇಡ ಅಂದರೆ ಮೂರು ತಲೆಮಾರು ನೆನಪಿಟ್ಟುಕೊಳ್ಳುತ್ತಾರೆ. ಆದರೆ ಅಪ್ಪನ ಪಿಂಚಣಿ ತಿಂದುಕೊಂಡಿದ್ದ ನೌಮ್‌ಗೆ ಅವತ್ತು ಪ್ರವಾಸಿಗರಿಗೆ ಊರು ತೋರಿಸುವ ಕೆಲಸದ ಮೊದಲ ದಿನ. ಬಿತೊಲಾದಿಂದ ಬಂದು ಹೊಸದಾಗಿ ಕಚೇರಿ ತೆರೆದಿದ್ದ ವೇಲ್ಕೊ ಬೆರಳೆತ್ತಿ ಹೇಳಿದ್ದ:

"ಚರ್ಚು, ಕೋಟೆ ತೋರಿಸ್ಕೊಂಡು ಹನ್ನೆರಡಕ್ಕೆ ಕನೆಯೊ ದಡಕ್ಕೆ ಕರ್ಕೊಂಡು ಬಾ. ದೋಣಿ ಕಾಯಲ್ಲ. ದಾರೀಲಿ ಎಲ್ಲೂ ಕೂರ್ಬೇಡ. ಟೈಮಿಗೆ ಬಂದ್ರೆ ಕೆಲಸ ಖಾಯಂ."

ನಾಲ್ವರು ಡಚ್ಚರನ್ನು ಹಿಂದೆ ಹಾಕಿಕೊಂಡು ನೌಮ್ ಬಾತುಕೋಳಿ ಕಾಯುವವನ ಹಾಗೆ ಹೊರಟ. ಮೊದಲ ತಿರುವಿನಲ್ಲೇ ರತ್ಕಾ ಚಿಕ್ಕಮ್ಮ ಬಾಲ್ಕನಿಯಿಂದ ಅರ್ಧ ಮೈ ಹೊರಚಾಚಿದಳು.

"ಏ ನೌಮ್, ಅತಿಥಿಗಳನ್ನ ಬಿಸಿಲಲ್ಲಿ ಒಣಗಿಸ್ತಿದೀಯಲ್ಲೋ! ಒಳಗೆ ಬಾ."

"ಚಿಕ್ಕಮ್ಮಾ, ಟೈಮಿಲ್ಲ..."

"ನಿನ್ನ ತೊಟ್ಲು ತೂಗ್ದೋಳಿಗೆ ಟೈಮಿಲ್ವಾ?"

ಕಾಫಿ ಬಂತು, ಚೆರ್ರಿ ಮುರಬ್ಬ ಬಂತು. ಎದುರು ಮನೆಯ ಲೆಂಚೆ ಬಾಗಿಲಿಗೆ ಅಡ್ಡ ನಿಂತಳು. "ಅವಳ ಕಾಫಿ ಅಮೃತ, ನಮ್ಮನೇದು ವಿಷಾನಾ?" ಅಲ್ಲಿ ಕಾಫಿಯ ಜೊತೆ ಮನೆಯಲ್ಲೇ ಭಟ್ಟಿ ಇಳಿಸಿದ ದ್ರಾಕ್ಷಿ ರಾಕಿಯಾ. ಮೂರನೆಯದು ಮುದುಕ ಸ್ಪಿರೊನ ಮನೆ. ಅವನು ಕಾಫಿಯ ಜೊತೆ ಮಗಳ ಮದುವೆಯ ಆಲ್ಬಮ್ ಬಿಚ್ಚಿದ. ರಾಕಿಯಾ ತಲೆಗೇರಿದ್ದ ಒಬ್ಬ ಡಚ್ಚ ಇದೇ ಚರ್ಚು ಅಂದುಕೊಂಡು ಸ್ಪಿರೊನ ಅಡುಗೆಮನೆಯಲ್ಲಿ ಟೋಪಿ ತೆಗೆದು ನಿಂತ.

ನಿಜವಾದ ಚರ್ಚನ್ನು ನೌಮ್ ಓಡುತ್ತಲೇ ತೋರಿಸಿದ. "ಎಡಗಡೆ ಸಾವಿರ ವರ್ಷ! ಬನ್ನಿ, ಬನ್ನಿ!"

ಕೋಟೆಯ ಬುಡದಲ್ಲಿ ಗುರುತಿಲ್ಲದ ಅಜ್ಜಿಯೊಬ್ಬಳು ತಟ್ಟೆ ತುಂಬ ಕರಿದ ರೊಟ್ಟಿ ಹಿಡಿದು ಗೇಟಿನಲ್ಲಿ ನಿಂತಿದ್ದಳು.

"ಬನ್ನಿ ಮಕ್ಕಳೇ, ಕಾಫಿ ಇಟ್ಟಿದೀನಿ."

ನೌಮ್‌ನ ಹೊಟ್ಟೆಯಲ್ಲಿ ಮೂರು ಮನೆಯ ಕಾಫಿ ಸರೋವರದ ಹಾಗೆ ತುಳುಕಿತು. ಹೊತ್ತು ಮೀರುತ್ತಿತ್ತು.

"ಬೇಡ!" ಅಂದ. ತನ್ನ ದನಿಗೆ ತಾನೇ ಬೆಚ್ಚಿದ. ಆಮೇಲೆ ರುಚಿ ಹತ್ತಿತು. "ಕಾಫೀನೂ ಬೇಡ, ರೊಟ್ಟೀನೂ ಬೇಡ. ದಾರಿ ಬಿಡಿ ಅಜ್ಜಿ!"

ಕೋಟೆಗೆ ಒಂದು ಸುತ್ತು ಹಾಕಿಸಿ, ಇಳಿಜಾರಿನಲ್ಲಿ ಎಲ್ಲರನ್ನೂ ಉರುಳಿಸಿಕೊಂಡೇ ಬಂದ ಹಾಗೆ ದಡ ಮುಟ್ಟಿಸಿದ. ದೋಣಿ ಇನ್ನೂ ಅಲ್ಲೇ ಇತ್ತು. ವೇಲ್ಕೊ ಗಡಿಯಾರ ನೋಡಿ ಅವನ ಹೆಗಲ ಮೇಲೆ ಕೈ ಹಾಕಿದ.

"ಭೇಷ್! ನಾಳೆಯಿಂದ ನೀನು..."

ಅಷ್ಟರಲ್ಲಿ ವೇಲ್ಕೊಗೆ ಫೋನು ಬಂತು. ಕೇಳುತ್ತ ಕೇಳುತ್ತ ಅವನ ಮುಖ ಬೇಯಿಸಿದ ಬೀಟ್‌ರೂಟಿನಂತಾಯಿತು. ಹೆಗಲ ಮೇಲಿದ್ದ ಕೈ ಕುತ್ತಿಗೆಪಟ್ಟಿಗೆ ಬಂತು.

"ನಮ್ಮಮ್ಮಂಗೆ ಏನಂದ್ಯೋ? ಮಗನ ಮೊದಲ ಅತಿಥಿಗಳು ಅಂತ ಬೆಳಿಗ್ಗೆಯಿಂದ ರೊಟ್ಟಿ ಕರೀತಾ ಎಣ್ಣೆ ಮುಂದೆ ನಿಂತಿದಾಳೆ. ಅಳ್ತಿದಾಳೆ!"

"ಎಲ್ಲೂ ಕೂರ್ಬೇಡ ಅಂದೋರು ನೀವೇ ಅಲ್ವಾ, ಅಣ್ಣಾ?"

"ಅದು ಬೇರೆಯೋರ ಮನೆಗೆ ಹೇಳಿದ್ದು ಕಣೋ! ನಡಿ, ನಿನ್ನ ಮುಖ ತೋರಿಸ್ಬೇಡ."

ದೋಣಿ ಡಚ್ಚರನ್ನು ಹತ್ತಿಸಿಕೊಂಡು ಹೋಯಿತು. ನೌಮ್ ನಡೆದು ಬೀದಿ ಸೇರುವ ಮೊದಲೇ ಅವನು ಕಾಫಿ ಬೇಡ ಅಂದ ಸುದ್ದಿ ಸೇರಿತ್ತು. ಸ್ಪಿರೊ ಒಳಗೆ ಎದ್ದುಹೋದ. ಲೆಂಚೆ ಪರದೆ ಎಳೆದಳು. ರತ್ಕಾ ಚಿಕ್ಕಮ್ಮ ಬಾಲ್ಕನಿಯಲ್ಲೇ ಇದ್ದಳು, ಕರೆಯಲಿಲ್ಲ.

ಒಂದು ಕೆಲಸ, ಮೂರು ಮನೆಯ ಕಾಫಿ. ಹೋದದ್ದು ಇಷ್ಟು.