ನೀರು ಬೇಡವೆಂದ ಗಿಡಗಳು

ನೀರು ಬೇಡವೆನ್ನುವ ಗಿಡವನ್ನು ತೆಂಗು ಬೆಳೆಯುವವರ ಮನೆಗೆ ತರಬಾರದು. ಊಟ ಬೇಡವೆನ್ನುವ ನೆಂಟರನ್ನು ನಮ್ಮ ಹೊನ್ನವಳ್ಳಿಯವರು ಎಂದಾದರೂ ನಂಬಿದ್ದಾರೆಯೇ? ಸಂಕೋಚಕ್ಕೆ ಹೇಳುತ್ತಿದ್ದಾರೆಂದುಕೊಂಡು ಇನ್ನೊಂದು ಮುದ್ದೆ ಇಟ್ಟೇಬಿಡುತ್ತಾರೆ. ಇದು ನನಗೆ ಹೊಳೆದದ್ದು ಬಹಳ ತಡವಾಗಿ.

ಕಾನ್ವೆಂಟಿನಲ್ಲಿ ಓದುವಾಗ ಸಿಸ್ಟರ್‌ಗಳ ಕೈತೋಟದಲ್ಲಿ ಮಣ್ಣೇ ಕಾಣದಂತೆ ಹಬ್ಬಿದ್ದ ದಪ್ಪ ಎಲೆಯ ಸಕ್ಯುಲೆಂಟ್ ಗಿಡಗಳನ್ನು ನೋಡಿದ್ದೆ. ಕಳೆ ಕೀಳುವ ಕೆಲಸವಿಲ್ಲ, ನೀರು ಹೊರುವ ಕಷ್ಟವಿಲ್ಲ. ಮದುವೆಯಾಗಿ ಆರು ವರ್ಷಕ್ಕೆ ಧೈರ್ಯ ಮಾಡಿ, ಮನೆ ಮುಂದಿನ ಜಾಗವನ್ನು ಅದಕ್ಕಾಗಿ ಅತ್ತೆಯವರಲ್ಲಿ ಕೇಳಿದೆ. "ಯುಗಾದಿ ಗಂಟ ನೋಡ್ತೀನಿ ಕಣಮ್ಮ. ನೆಲ ತುಂಬ್ಲಿಲ್ಲ ಅಂದ್ರೆ ಎರಡು ತೆಂಗಿನ ಸಸಿ ಇಡೋದೇಯ," ಎಂದರು. ಸಂಕ್ರಾಂತಿ ಕಳೆದ ಮೇಲೆ ತಿಪಟೂರಿನಿಂದ ಸಸಿ ತಂದು ಗೇಣಿಗೊಂದರಂತೆ ನೆಟ್ಟೆ. ಎಲೆಯಂಚಿಗೆ ಯಾರೋ ಕಡ್ಡಿಯಲ್ಲಿ ಎಳೆದಂತೆ ತೆಳ್ಳನೆಯ ಕೆಂಪು ಗೆರೆ! "ವಾರಕ್ಕೊಂದು ಚೊಂಬು ಸಾಕು, ಅದನ್ನೂ ನಾನೇ ಹಾಕುತ್ತೇನೆ," ಎಂದು ಮನೆಯವರಿಗೆಲ್ಲ ಅಪ್ಪಣೆ ಹೊರಡಿಸಿದೆ.

ಮೂರನೆಯ ವಾರ, ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲು ಬಂದವಳು ಹೌಹಾರಿ ನಿಂತೆ. ಗಿಡಗಳೆಲ್ಲ ಬೆಂದ ಬದನೆಕಾಯಿಯಂತೆ ಮೆತ್ತಗಾಗಿ ಮಲಗಿದ್ದವು. ಮುಟ್ಟಿದರೆ ಎಲೆ ಲೋಳೆಯಾಗಿ ಬೆರಳಿಗಂಟಿತು.

"ಯಾರು ಇದಕ್ಕೆ ನೀರು ಹಾಕಿದ್ದು?" ನನ್ನ ದನಿಗೆ ನಾನೇ ಬೆಚ್ಚಿಬಿದ್ದೆ.

ಅತ್ತೆ ಸೆರಗು ಸರಿಮಾಡಿಕೊಂಡರು. "ಅಕ್ಕಿ ತೊಳೆದ ನೀರು ಕಣಮ್ಮ, ಚೆಲ್ಲೋದ್ಯಾಕೆ ಅಂತ ದಿನಾ ಹಾಕ್ತಿದ್ದೆ. ಪಾಪ, ಅವೇನು ಬಾಯಿಬಿಟ್ಟು ಕೇಳ್ತಾವಾ?"

ನಮ್ಮ ಯಜಮಾನರು ಬಾಯಿಂದ ಬ್ರಷ್ಷು ತೆಗೆದು, "ತೋಟಕ್ಕೆ ಹೋಗೋ ಮುಂಚೆ ನಾನೂ ಒಂದೇ ಒಂದು ಬಕೀಟು ಕಣೇ," ಎಂದರು.

ಗದ್ದಲ ಕೇಳಿ ಪಕ್ಕದ ಮನೆಯ ಗಂಗಮ್ಮನವರು ಕಾಂಪೌಂಡಿನ ಮೇಲಿಂದ ಇಣುಕಿದರು. "ನಲ್ಲಿ ಬಂದಾಗ ನಾನೂ ಒಸಿ ಪೈಪು ಬುಟ್ಟಿದ್ದೆ ಕಣ್ರೀ. ನೀವೆಲ್ಲೋ ಮರ್ತಿದ್ದೀರ ಅಂತ!"

ಇಷ್ಟು ಜನರ ಕರುಣೆಗೆ ತೆಂಗಿನಮರವಾದರೂ ಕೊಳೆಯುತ್ತಿತ್ತು. ಕಣ್ತುಂಬಿಕೊಂಡು ಮೆಟ್ಟಿಲ ಮೇಲೆ ಕುಸಿದು ಕುಳಿತೆ. ಜಾಗ ಕೈತಪ್ಪಿತು ಎನ್ನುವಷ್ಟರಲ್ಲಿ ಅತ್ತೆ ಪಕ್ಕಕ್ಕೆ ಬಂದು ಕುಳಿತರು. "ಅಳಬೇಡ ಬುಡು. ತಪ್ಪು ನಮ್ದು. ಮುಂದಿನ ವರ್ಷದ ಯುಗಾದಿ ಗಂಟ ಜಾಗ ನಿಂದೇಯ."

ದಿನಾ ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ, ಆ ಬಿಸಿಲು ನೋಡಲಾರದೆ, ಗಿಡಕ್ಕೊಂದು ಲೋಟದಂತೆ ನಾನೂ ನೀರು ಕುಡಿಸುತ್ತಿದ್ದೆ. ಅದನ್ನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಯಜಮಾನರು ಹೊಸ ಸಸಿ ತರಲು ಸ್ಕೂಟರು ಹೊರಗೆ ತೆಗೆದರು. ಬಾಯಿ ಮುಚ್ಚಿಕೊಂಡು, ಕಣ್ಣೊರೆಸಿಕೊಂಡು, ದೊಡ್ಡ ಮನಸ್ಸು ಮಾಡಿ ಮೂವರನ್ನೂ ಕ್ಷಮಿಸಿದೆ.