ತಾನಾಗೇ ತಿನ್ನಬೇಕು

ಲೆನ್ಸಿನ ಮುಚ್ಚಳ ತೆಗೆಯಲು ಮರೆತದ್ದೇ ಯೋಗಾನಂದನ ಆ ದಿನದ ಕಷ್ಟಕ್ಕೆಲ್ಲ ಮೂಲ.

ಗಾಂಧಿ ಬಜಾರಿನ ಗುಡಿಯೆದುರು ಬದರೀನಾರಾಯಣರ ಹೊಸ ಸ್ಕೂಟರಿಗೆ ಆಗಷ್ಟೇ ಪೂಜೆಯಾಗಿತ್ತು. ಎಲ್ಲಿಂದಲೋ ಬಂದ ಹಸುವೊಂದು ಹ್ಯಾಂಡಲಿನ ಸೇವಂತಿಗೆ ಹಾರವನ್ನು ಗಬಕ್ಕನೆ ಬಾಯಿಗೆಳೆದುಕೊಂಡಿತು. ಕೈ ಮುಗಿಯಬೇಕೋ ಕೋಲೆತ್ತಬೇಕೋ ತಿಳಿಯದೆ ಬದರೀನಾರಾಯಣರು ನಡುವೆ ನಿಂತರು. ಮೊದಲ ಪುಟಕ್ಕೆ ಹೇಳಿ ಮಾಡಿಸಿದ ಚಿತ್ರ! ಗಡಿಬಿಡಿಯಲ್ಲಿ ಯೋಗಾನಂದ ಕ್ಯಾಮೆರಾ ತಲೆಯ ಮೇಲೆತ್ತಿ ಕ್ಲಿಕ್ಕಿಸಿದ. ಇಳಿಸಿ ನೋಡಿದರೆ ಪರದೆಯ ತುಂಬ ಅಮಾವಾಸ್ಯೆ.

ಸಂಜೆಯೊಳಗೆ ಒಂದು ಒಳ್ಳೆಯ ಚಿತ್ರ ತಂದರೆ ಪತ್ರಿಕೆಯಲ್ಲಿ ಕೆಲಸ. ಇಲ್ಲವಾದರೆ ಮಾವಳ್ಳಿಯ ಮಾವನ ಸ್ಟುಡಿಯೋದಲ್ಲಿ ಜನ್ಮವಿಡೀ ಪಾಸ್‌ಪೋರ್ಟ್ ಫೋಟೋ. ಮುಖ್ಯ ಛಾಯಾಗ್ರಾಹಕ ಗಂಗಾಧರಯ್ಯನವರು ಬೆಳಿಗ್ಗೆ ಮಂತ್ರೋಪದೇಶದಂತೆ ಹೇಳಿ ಕಳಿಸಿದ್ದರು: "ನಡೆದಿದ್ದನ್ನ ತೆಗಿ, ನೀನು ನಡೆಸ್ಬೇಡ. ಅಲ್ಲಿದ್ದೋರ ಹೆಸರು, ಫೋನ್ ನಂಬರು ಕೇಳ್ಕೊಂಡು ಬಾ." ಇದನ್ನೆಲ್ಲ ಅವನು ಗುಡಿಯ ಬಳಿ ಹೂ ಮಾರುವ ಮುದುಕಿ ದೊಡ್ಡಮುನಿಯಮ್ಮನೆದುರು ಹೇಳಿಕೊಂಡು ಗೋಳಾಡಿದ.

"ಅಷ್ಟೇ ತಾನೆ? ಇನ್ನೊಂದು ಹಾರ ಹಾಕಿ ತಿನ್ನಿಸೋಣ ಬಿಡಪ್ಪ."

"ಅಯ್ಯೋ, ಬೇಡ ದೊಡ್ಡಮ್ಮ! ನಾವಾಗಿ ತಿನ್ನಿಸಿದ್ರೆ ಅದು ಸುಳ್ಳು. ತಾನಾಗೇ ತಿನ್ಬೇಕು."

"ಬೇಕಾದ್ರೆ ತಾನಾಗೇ ತಿನ್ನು ಅಂತ ಹಸುಗೆ ನಾನು ಹೇಳ್ತೀನಿ," ಎಂದರು ಬದರೀನಾರಾಯಣರು.

ಯೋಗಾನಂದ ಕೈಮುಗಿದು ಬೇಡವೆಂದ. ಮುದುಕಿಗೆ ಕನಿಕರ ಉಕ್ಕಿತು. "ಪೂಜೆ ಆದ ಗಾಡಿ ಬೋಳಾಗಿ ನಿಲ್ಬಾರ್ದು. ಹಾರ ದೇವ್ರಿಗೆ, ನಿನ್ನ ಫೋಟೋಗಲ್ಲ," ಎನ್ನುತ್ತ ಎದ್ದವಳು, ಪಕ್ಕದ ದಿನಸಿ ಅಂಗಡಿ ಹೊಕ್ಕು ಬಂದು ಹೊಸ ಹಾರ ಹಾಕಿದಳು.

ಹಸುವೋ, ಕಾವ್ಯವಾಚನ ಕೇಳುವ ಹಿರಿಯರಂತೆ ಅರೆಗಣ್ಣು ಮುಚ್ಚಿ, ತಲೆದೂಗುತ್ತ ಮಲಗಿಬಿಟ್ಟಿತ್ತು. ಯೋಗಾನಂದ ಬಿಸಿಲಲ್ಲಿ ಕಾದ. ಅವನು ಕಾಯುವುದನ್ನು ನೋಡಲು ಜನ ಕಾದರು.

"ಏನ್ ಗುರು, ಶೂಟಿಂಗಾ? ಹಸೂನೇ ಹೀರೋಯಿನ್ನಾ?" ಎಂದು ಆಟೋದವನೊಬ್ಬ ಹಾರ್ನ್ ಬಾರಿಸಿದ.

"ಸುಮ್ನಿರಯ್ಯ! ಅದು ತಾನಾಗೇ ತಿನ್ಬೇಕು!" ಇಡೀ ಗುಂಪು ಗದರಿತು.

ಕೊನೆಗೂ ಹಸು ಮೂಗರಳಿಸಿತು. ಎದ್ದಿತು. ನೆಟ್ಟಗೆ ಸ್ಕೂಟರಿನ ಬಳಿ ಹೋಗಿ ಹಾರಕ್ಕೆ ಬಾಯಿ ಹಾಕಿತು. ಈ ಸಲ ಮುಚ್ಚಳ ಯೋಗಾನಂದನ ಜೇಬಿನಲ್ಲಿತ್ತು. ಕ್ಲಿಕ್! ಎಲ್ಲರ ಹೆಸರು, ನಂಬರು ಬರೆದುಕೊಂಡು ಅವನು ಪತ್ರಿಕೆಯ ಕಚೇರಿಗೆ ಓಡಿದ.

ಗಂಗಾಧರಯ್ಯನವರು ಚಿತ್ರವನ್ನು ದಿಟ್ಟಿಸಿದರು. ಹಸುವಿನ ಹಿಂದೆ ಜನವೆಲ್ಲ ತಲೆ ಬಾಚಿ, ಸಾಲಾಗಿ ನಿಂತು, ಮದುವೆಯ ಗ್ರೂಪ್ ಫೋಟೋದಂತೆ ಕ್ಯಾಮೆರಾ ನೋಡಿ ನಗುತ್ತಿದ್ದರು.

"ಇದನ್ನ ನೀನು ನಡೆಸಿದೀಯ."

"ದೇವ್ರಾಣೆ ಇಲ್ಲ ಸಾರ್! ನಂಬರ್ ಇದೆ, ಯಾರನ್ನ ಬೇಕಾದ್ರೂ ಕೇಳಿ."

ಅವರು ದೊಡ್ಡಮುನಿಯಮ್ಮನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು.

"ಆ ಹುಡ್ಗ ಅಪ್ಪಟ ಚಿನ್ನ ಸ್ವಾಮಿ! ತಿನ್ನಿಸ್ಬೇಡಿ ಅಂತ ಕೈಮುಗಿದ." ಯೋಗಾನಂದನ ಎದೆಯುಬ್ಬಿತು. "ಪಾಪ, ಬಿಸ್ಲಲ್ಲಿ ಒಣಗ್ತಿತ್ತು ಕೂಸು. ಅದಕ್ಕೇ ಅವನಿಗೆ ಗೊತ್ತಾಗ್ದಂಗೆ ಹಾರಕ್ಕೆ ನಾನೇ ಬೆಲ್ಲ ಸವರಿದ್ದೆ."

ಗಂಗಾಧರಯ್ಯನವರು ಕನ್ನಡಕ ತೆಗೆದಿಟ್ಟರು. ಯೋಗಾನಂದನ ಕಣ್ಣೆದುರು ಮಾವನ ಸ್ಟುಡಿಯೋದ ನೀಲಿ ಪರದೆ ತೂಗಾಡಿತು.

"ಹಲೋ, ಸ್ವಾಮಿ? ಫೋಟೋ ಚೆನ್ನಾಗಿ ಬಂದಿಲ್ವಾ? ನಾಳೆ ಕಳ್ಸಿ ಅವನ್ನ, ಬೆಲ್ಲ ಇನ್ನೂ ಐತೆ!"