ಪುಟ್ಟಮಾದೇಗೌಡನ ಸೀಮೆಹುಲ್ಲು ವಿಜಯ

ಕಿವಿಗೊಡಿ ಸಹೃದಯರೇ! ಕೋಳಿಗಿಂತ ಮುಂಚೆ ಡೇರಿಯ ಮೈಕು ಕೂಗುವ ಈ ಘೋರ ಕಲಿಯುಗದಲ್ಲಿ, ಕಾಲುವೆ ಬಯಲಿನ ಮುತ್ತಿಗೆಕೊಪ್ಪಲೆಂಬ ಗ್ರಾಮದಲ್ಲಿ, ದಾಯಾದಿದರ್ಪದಮನನೂ, ಬದುಸೀಮಾಸಂಗ್ರಾಮಧೀರನೂ, ಊರ ಪೌರಾಣಿಕ ನಾಟಕದಲ್ಲಿ ಗದೆ ಬೀಸಿ ರಂಗಸ್ಥಳದ ಹಲಗೆಯನ್ನೇ ಮುರಿದ ಪ್ರಚಂಡಪರಾಕ್ರಮಿಯೂ ಆದ ಪುಟ್ಟಮಾದೇಗೌಡನೆಂಬ ವೀರನಿದ್ದನು. ಆತನ ಗದ್ದೆಯಂಚಿನಲ್ಲಿ ಸೀಮೆಹುಲ್ಲೆಂಬ ಹರಿತಸೇನೆ ಬೆಳೆದು ನಿಂತಿತ್ತು. ಬದುವಿನಾಚೆ ದೊಡ್ಡಪ್ಪನ ಮಗ ಕೆಂಪಾಜಣ್ಣನ ಸೀಮೆಹುಲ್ಲು. ಈ ಅಣ್ಣತಮ್ಮಂದಿರ ನಡುವೆ ಅದ್ಯಾವ ಪುಣ್ಯಾತ್ಮ ಶುರುಮಾಡಿದನೋ, ಒಂದು ಉಗ್ರನಿಯಮ ನಡೆದು ಬಂದಿತ್ತು: ಮೊದಲು ಕುಡುಗೋಲು ಹಾಕಿದವನು ಸೋತಂತೆ!

ವೀರಪತ್ನಿ ಶಿವಲಿಂಗಮ್ಮನಿಗೆ ಇದ್ದ ಚಿಂತೆಯೇ ಬೇರೆ. ಸಂಕ್ರಾಂತಿಗೆ ಹಾಲು ಕರೆಯುವ ಸ್ಪರ್ಧೆ. ಹೋದ ಸಲ ಆಕೆಯ ಹಸು ಚೆಲುವಿ ಒಂದು ಲೋಟದಷ್ಟರಲ್ಲಿ ಸೋತಿದ್ದಳು. ಅಂದು ಡೇರಿಯ ಕಟ್ಟೆಯ ಮೇಲೆ ನಕ್ಕ ಹೆಂಗಸರ ಮುಖಗಳು ಆಕೆಗೆ ಇನ್ನೂ ಮರೆತುಹೋಗಿರಲಿಲ್ಲ. ಈ ಸಲ ಗೆದ್ದೇ ತೀರಬೇಕು.

“ಏನ್ರೀ, ಹುಲ್ಲು ಸೊಂಟದೆತ್ತರ ಬಂದದೆ. ಈಗ್ಲೇ ಕುಯ್ಯಿ. ಎಳೇದಾದ್ರೆ ಚೆಲುವಿ ಒಂದ್ ಕಡ್ಡೀನೂ ಬುಡಾಕಿಲ್ಲ. ತಡ ಮಾಡುದ್ರೆ ದಂಟು ಬಲ್ತು ಕಟ್ಟಿಗೆ ಆಯ್ತದೆ. ಆಮೇಲೆ ಹಾಲು ಎಲ್ಲಿಂದ ಬಂದದು?”

ಮೀಸೆ ತಿರುವಿ ಬದುವೇರಿದ ವೀರನು ನಾಟಕದ ಕಂಠದಲ್ಲಿ ಮೊಳಗಿದನು: “ಎಲೌ ರಮಣೀ! ಕೆಂಪಾಜನ ಕುಡುಗೋಲು ಏಳುವ ಮುನ್ನ ನನ್ನದೆದ್ದರೆ ಈ ಮೀಸೆಗೆ ಮಾನವುಂಟೇ? ನನ್ನ ಸೈನ್ಯವು ಮುಗಿಲನ್ನೇ ಮುಟ್ಟಲಿ!”

“ಮುಟ್ಲಿ ಬುಡಿ. ಚೆಲುವಿ ಏಣಿ ಹಾಕ್ಕಂಡು ಮೇಯ್ತಾಳೆ.”

ಕೆಲವು ದಿನಗಳಲ್ಲೇ ಕೆಂಪಾಜಣ್ಣನು ಬೆಳಿಗ್ಗೆ ಬಂದು ತನ್ನ ಹುಲ್ಲನ್ನೆಲ್ಲ ನುಣ್ಣಗೆ ಕೊಯ್ದು ಹೊರೆ ಕಟ್ಟಿದನು. ಅಯ್ಯೋ, ಆಗ ನಮ್ಮ ವೀರನ ಸಿಂಹನಾದವನ್ನು ಕೇಳಬೇಕಿತ್ತು! ತೊಡೆ ತಟ್ಟಿದ್ದೇನು, ಟವೆಲ್ಲು ಬೀಸಿದ್ದೇನು! ಕೆಂಪಾಜಣ್ಣ ಹೊರೆಯ ಕೆಳಗಿನಿಂದಲೇ, “ಆಯ್ತು ಕಣ್ಲಾ, ನೀನೇ ಗೆದ್ದೆ. ದಾರಿ ಬುಡು, ಕತ್ತು ನೋಯ್ತದೆ” ಎಂದು ನಡೆದನು.

ಗೆದ್ದವನು ಅಂದೇ ಕೊಯ್ಯಬಹುದಿತ್ತಲ್ಲ? ಉಹ್ಞೂಂ! ವಿಜಯವನ್ನು ಊರೆಲ್ಲ ಕಣ್ತುಂಬ ನೋಡಬೇಡವೇ? ಹುಲ್ಲು ಆತನ ತಲೆ ಮೀರಿತು, ತೆನೆ ಹೊತ್ತು ತೂಗಿತು. ನೋಡುವವರು ನೋಡಿ ಬೇಸತ್ತ ಮೇಲೆ, ಸಂಕ್ರಾಂತಿ ಬಾಗಿಲಿಗೆ ಬಂದಾಗ, ಕರಾಳಕುಡುಗೋಲುಧಾರಿಯಾದ ವೀರನು ರಣರಂಗಕ್ಕಿಳಿದನು. ಮೊದಲ ಏಟಿಗೇ ಕುಡುಗೋಲಿನ ಬಾಯಿ ಹೋಯಿತು. ಮನೆಗೋಡಿ ಮಚ್ಚು ತಂದನು. ದಂಟುಗಳು ಕಟಕಟನೆ ಮುರಿದವು, ವೀರನ ಬೆವರು ಕಾಲುವೆಯಂತೆ ಹರಿಯಿತು, ಅಂತೂ ಶತ್ರುಸೇನೆಯಲ್ಲ, ಸ್ವಂತ ಸೇನೆಯೇ ನೆಲಕ್ಕುರುಳಿತು.

ಚೆಲುವಿ ಮೂಸಿದಳು. ತುದಿಯ ಎಲೆಗಳನ್ನಷ್ಟೇ ಎಳೆದು ತಿಂದಳು. ದಂಟನ್ನು ಮೂತಿಯಿಂದ ಆಚೆ ತಳ್ಳಿ ಮಲಗಿಬಿಟ್ಟಳು. ಮರುದಿನವೂ ಅಷ್ಟೇ, ಹಾಲಿನ ಅಳತೆ ಇಳಿಯಿತು. ಶಿವಲಿಂಗಮ್ಮ ಬಯ್ಯಲೇ ಇಲ್ಲ. ಗೋದಲಿಯ ಅಂಚಿನಲ್ಲಿ ಕೂತು, “ಈ ಸಲಾನೂ ಹೋಯ್ತು ಬುಡಿ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ವೀರನು ಮೀಸೆಯಿಂದ ಕೈ ತೆಗೆದನು. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು.

ಬದುವಿನಾಚೆ, ಸೋತವನ ನೆಲದಲ್ಲಿ, ಹುಲ್ಲು ಮತ್ತೆ ಚಿಗುರಿ ಸೊಂಟದೆತ್ತರ ಬಂದು ತೊನೆಯುತ್ತಿತ್ತು. ದಾಯಾದಿದರ್ಪದಮನನು ಟವೆಲ್ಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕೆಂಪಾಜಣ್ಣನ ಜಗಲಿಯ ಮುಂದೆ ನಿಂತನು. ನಾಟಕದ ಕಂಠ ಕೈಕೊಟ್ಟಿತು. “ಅಣ್ಣಾ... ಒಂದೆರಡು ಹೊರೆ ಹುಲ್ಲು...”

“ಕುಯ್ಕೊ ಹೋಗ್ಲಾ,” ಎಂದನು ಕೆಂಪಾಜಣ್ಣ. “ಮುಗಿಲು ಗಿಗಿಲು ಮುಟ್ಟಿಲ್ಲ, ನೋಡ್ಕೊ.”

ಎಳೆಹುಲ್ಲಿಗೆ ಚೆಲುವಿ ಎದ್ದಳು, ಹಾಲೂ ಒಂದಿಷ್ಟು ಏರಿತು. ಆದರೆ ಬಿದ್ದ ಹಾಲು ಅಷ್ಟು ಬೇಗ ಪೂರ್ತಿ ಏಳುತ್ತದೆಯೇ? ಸ್ಪರ್ಧೆಯಲ್ಲಿ ಗೆದ್ದದ್ದು ಕೆಂಪಾಜಣ್ಣನ ಹಸು. ಚೆಲುವಿಗೆ ಸಮಾಧಾನಕರ ಬಹುಮಾನವೆಂದು ಒಂದು ಕೆಂಪು ಪ್ಲಾಸ್ಟಿಕ್ ಬಕೀಟು ಬಂತು.

ವಾರ ಕಳೆದು, ಅಂಗಳದಲ್ಲಿ ಒಣಗಿದ್ದ ಆ ಗಗನಚುಂಬಿ ಸೇನೆಯು ಬಚ್ಚಲೊಲೆಯಲ್ಲಿ ಚಟಪಟನೆ ಉರಿಯಿತು. ಶಿವಲಿಂಗಮ್ಮ ಕೆಂಪು ಬಕೀಟಿಗೆ ಬಿಸಿನೀರು ತೋಡಿಟ್ಟು ಕೂಗಿದಳು:

“ಬನ್ನಿ, ನಿಮ್ಮ ಹುಲ್ಲಲ್ಲಿ ನೀರು ಚೆನ್ನಾಗಿ ಕಾದದೆ.”

ವೀರನು ತಲೆ ಬಗ್ಗಿಸಿ ಬಚ್ಚಲು ಹೊಕ್ಕು, ಮೀಸೆಗೆ ಸೋಪು ಹಚ್ಚಿಕೊಂಡನು.